ಬೋರ್ ಗೈಡ್‌ಗೆ ಯಾವ ಓ-ರಿಂಗ್?
ಚುನಾವಣೆಗೆ ಠಾಣೆಯಲ್ಲಿಟ್ಟ ರೈಫಲ್ ಶಿವಮೊಗ್ಗದ ತೋಟದ ಮನೆಗೆ ವಾಪಸ್ ಬಂತಾ? ಗುಂಡಿಲ್ಲ ಅಂತ ಖಾತ್ರಿ ಮಾಡ್ಕೊಂಡು ಬೋಲ್ಟ್ ತೆಗೀರಿ. ನಳಿಗೆ ಶುಚಿ ಮಾಡೋವಾಗ ಆ ಜಾಗದಲ್ಲಿ ಕೂತು ರಾಡಿಗೆ ದಾರಿ ಕೊಡೋ ಕೊಳವೆಯೇ ಬೋರ್ ಗೈಡ್. ಅದರ ಮೂತಿಯ ಓ-ರಿಂಗ್ ಹರಿದಿದ್ರೆ ಸಾಲ್ವೆಂಟ್ ಸೀದಾ ಟ್ರಿಗರ್‌ಗೆ ಇಳಿಯುತ್ತೆ.

ಭದ್ರಾವತಿ ಕಬ್ಬಿಣದ ಊರು. ಹೊಸ ರಿಂಗಿಗೆ ಅಲ್ಲಿನ ಹೈಡ್ರಾಲಿಕ್ ಬಿಡಿಭಾಗದ ಅಂಗಡೀಲಿ ನೈಟ್ರೈಲ್ ರಬ್ಬರ್, ಗಡಸುತನ 70 ಶೋರ್ ಅಂತ ಕೇಳಿ. ಸಿಲಿಕೋನ್ ಬೇಡ, ಬೇಗ ಹರಿಯುತ್ತೆ. ವೈಟಾನ್ ದುಬಾರಿ, ಎಣ್ಣೆಗೆ ಗಟ್ಟಿ. ಆದ್ರೆ ತಾಮ್ರ ತೆಗೆಯೋ ಅಮೋನಿಯಾ ದ್ರಾವಣಕ್ಕೆ ಅದೂ ಸೋಲುತ್ತೆ.

ಹಳೇ ರಿಂಗ್ ಅಳೀಬೇಡಿ, ಉಬ್ಬಿರುತ್ತೆ. ಗ್ರೂವ್‌ನ ತಳಕ್ಕೇ ಕ್ಯಾಲಿಪರ್ ಹಿಡೀರಿ: 10 ಮಿಮೀ ಇದ್ರೆ ರಿಂಗಿನ ಒಳವ್ಯಾಸ 9.7ರ ಆಸುಪಾಸು. ಒಂದು ಹನಿ ಎಣ್ಣೆ ಸವರಿ ಬೆರಳಲ್ಲೇ ಜಾರಿಸಿ. ಸ್ಕ್ರೂಡ್ರೈವರ್ ಮುಟ್ಟಿಸ್ಬೇಡಿ. ತಿರುಚಿಕೊಂಡಿದ್ರೆ ತೆಗೆದು ಮತ್ತೆ ಹಾಕಿ.