ತೆರೆಯ ಮೇಲಣ ಗಾಯಕರು, ನೀಲಗಾರರ ಬಿರುನುಡಿ

ಸಂಗೀತಗಾರರ ಬದುಕನ್ನು ಕುರಿತ ಚಲನಚಿತ್ರ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ನಡೆದದ್ದು ಹಾಗಲ್ಲ ಎಂಬುದು ಒಂದು. ಮಕ್ಕಳೊಡನೆ ಕುಳಿತು ಕೇಳಲಾಗದ ಮಾತುಗಳಿವೆ ಎಂಬುದು ಮತ್ತೊಂದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಎರಡನೆಯದೇ ಗಟ್ಟಿಯಾದ ದನಿಯಲ್ಲಿ ಕೇಳಿಬರುತ್ತದೆ. ಮೊದಲನೆಯದಕ್ಕೆ ಸಲ್ಲಬೇಕಾದ ಗಮನವನ್ನೂ ನಾವು ಎರಡನೆಯದಕ್ಕೇ ಕೊಟ್ಟಿದ್ದೇವೆಂದು ನನ್ನ ಅಭಿಪ್ರಾಯ.

1995ರಲ್ಲಿ ಚಿಂದೋಡಿ ಬಂಗಾರೇಶ್ ಅವರ ನಿರ್ದೇಶನದಲ್ಲಿ 'ಸಂಗೀತಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರ ತೆರೆಕಂಡಿತು. ಹುಟ್ಟುಗುರುಡರಾದ ಗವಾಯಿಗಳು ಜನಿಸಿದ್ದು 1892ರಲ್ಲಿ, ಲಿಂಗೈಕ್ಯರಾದದ್ದು 1944ರಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯ, ಊರೂರು ಸುತ್ತುತ್ತಿದ್ದ ಸಂಗೀತ ಪಾಠಶಾಲೆ, ಗದುಗಿನ ವೀರೇಶ್ವರ ಪುಣ್ಯಾಶ್ರಮ ಇವೆಲ್ಲ ದಾಖಲೆಯಲ್ಲಿರುವ ಸಂಗತಿಗಳು. ಚಿತ್ರ ಬಂದಾಗ ಅವರಲ್ಲಿಯೇ ಕಲಿತ ಪುಟ್ಟರಾಜ ಗವಾಯಿಗಳು ಗದುಗಿನಲ್ಲಿದ್ದರು. ಕಂಡವರು, ಕೇಳಿದವರು ಇರುವಾಗ ಚಿತ್ರಕಾರನಿಗೆ ಸ್ವೇಚ್ಛೆ ಸಲ್ಲದು. ಸಂಗೀತಕ್ಕೆ ಹಂಸಲೇಖ ಅವರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ಸಂತೋಷವೇ. ಆದರೆ ಅದೇ ಗವಾಯಿಗಳ ಕಂಠವೆಂದು ಮಕ್ಕಳು ತಿಳಿದರೆ ತಿದ್ದುವ ಹೊಣೆ ಹಿರಿಯರದು.

ಶಿಶುನಾಳ ಶರೀಫರ ವಿಷಯದಲ್ಲಿ ಹಿರಿಯರೇ ಮರೆತಿದ್ದೇವೆ. ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದದ್ದು 1990ರಲ್ಲಿ, ಸಂಗೀತ ಸಿ. ಅಶ್ವತ್ಥ್ ಅವರದು. ಆ ಧಾಟಿಗಳನ್ನೇ ಈಗ ಜನ ಶರೀಫರ ಧಾಟಿಯೆನ್ನುತ್ತಾರೆ. ಶರೀಫರು ತೀರಿಕೊಂಡದ್ದು 1889ರಲ್ಲಿ, ನಮ್ಮ ದೇಶದಲ್ಲಿ ಗ್ರಾಮಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ!

ಅಲ್ಲಮಪ್ರಭುಗಳ ಕಥೆಯಂತೂ ಇನ್ನೂ ಜಟಿಲ. 2017ರಲ್ಲಿ ನಾಗಾಭರಣರೇ 'ಅಲ್ಲಮ'ವನ್ನು ತೆರೆಗೆ ತಂದರು. ಅದರ ಹಿನ್ನೆಲೆ ಸಂಗೀತಕ್ಕಾಗಿ ಬಾಪು ಪದ್ಮನಾಭರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಮದ್ದಳೆ ಬಾರಿಸುತ್ತಿದ್ದ ಅಲ್ಲಮನ ಚರಿತ್ರೆಯನ್ನು ನಮ್ಮ ಕವಿಗಳೇ ಒಂದೇ ತೆರನಾಗಿ ಹೇಳಿಲ್ಲ. ಹರಿಹರನಲ್ಲಿ ಕಮಲತೆಯೆಂಬವಳು ಜ್ವರದಿಂದ ಸಾಯುತ್ತಾಳೆ. ಅಲ್ಲಮ ಆ ದುಃಖದಲ್ಲಿ ಅಲೆಯುತ್ತಾನೆ. ಚಾಮರಸನಲ್ಲಿ ಅವನಿಗೆ ಮೋಹವೇ ಇಲ್ಲ, ಸೋಲುವವಳು ಮಾಯೆ. ಇವರಲ್ಲಿ ಯಾರನ್ನು ಅನುಸರಿಸಿದರೂ ಚಿತ್ರಕಾರನನ್ನು ಸುಳ್ಳುಗಾರನೆನ್ನಲಾಗದು. ತಾನು ಯಾರ ಅಲ್ಲಮನನ್ನು ತೋರಿಸುತ್ತಿದ್ದೇನೆಂದು ಅವನು ಮೊದಲೇ ಹೇಳಿದರೆ ಸಾಕು.

ಮೂರನೆಯ ಅಲ್ಲಮನೊಬ್ಬ ನಮ್ಮ ಸೀಮೆಯಲ್ಲೇ ಇದ್ದಾನೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ಮಂಟೇಸ್ವಾಮಿಯನ್ನು ಅಲ್ಲಮಪ್ರಭುವೆಂದೇ ಕರೆದು, ತಂಬೂರಿ, ಗಗ್ಗರಗಳೊಡನೆ ರಾತ್ರಿಯಿಡೀ ಹಾಡುತ್ತಾರೆ. ಅವರ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಹೊಲಸು ಮೈಯ ತಿರುಕನಾಗಿ. ಬಾಗಿಲಲ್ಲಿದ್ದವರು ಬೈದು, ಹೊಡೆದು ಅಟ್ಟುತ್ತಾರೆ. ಗುರುತಿಸುವವರು ಬಸವಣ್ಣ, ನೀಲಮ್ಮನವರು. ಸಿದ್ಧಪ್ಪಾಜಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದಾಗಲೂ ಕೇಳಬೇಕಾದದ್ದು ಒಳ್ಳೆಯ ಮಾತುಗಳನ್ನಲ್ಲ. ಈ ಬೈಗುಳಗಳನ್ನು ಅಳಿಸಿದರೆ ಕಲ್ಯಾಣದ ಬಾಗಿಲಲ್ಲಿ ನಡೆದ ಪರೀಕ್ಷೆ ಉಳಿಯುವುದಿಲ್ಲ. ಪೆಟ್ಟು ತಿಂದವನು ಯಾರೆಂಬುದೂ ನೋಡುವವನಿಗೆ ತಟ್ಟುವುದಿಲ್ಲ. ಶರಣರ ಊರಿನಲ್ಲಿ ಹೀಗೆ ನಡೆಯಿತೆಂಬುದು ನಮಗೆ ಮುಜುಗರ ತರುವ ಕಥೆ. ಆ ಮುಜುಗರವನ್ನು ಭಾಷೆಯ ಮೇಲಿನ ಆಕ್ಷೇಪವೆಂದು ಹೇಳಿಕೊಳ್ಳುತ್ತಿಲ್ಲವೇ ಎಂಬ ಸಂದೇಹ ನನಗುಂಟು.

ಪಾಶ್ಚಾತ್ಯರ ಒಂದು ನಿದರ್ಶನ. ಮೊಜಾರ್ಟನನ್ನು ಕುರಿತ 'ಅಮಡೇಯಸ್' (1984) ಚಿತ್ರದಲ್ಲಿ ಆ ಮಹಾಸಂಗೀತಗಾರ ಅಶ್ಲೀಲವಾಗಿ ಮಾತನಾಡುತ್ತಾನೆ. ಅನೇಕರಿಗೆ ಅದು ಹಿಡಿಸಲಿಲ್ಲ. ಆದರೆ ಆತ ಸೋದರಬಂಧುವಾದ ತರುಣಿಗೆ ಬರೆದ ಪತ್ರಗಳಲ್ಲಿ ಅಂಥದೇ ಮಾತುಗಳಿವೆ. ಸಾಲಿಯೇರಿ ಎಂಬ ಸಂಗೀತಗಾರ ಹಗೆಯಿಂದ ಅವನನ್ನು ಸಾವಿಗೆ ದೂಡಿದನೆಂಬ ಭಾಗಕ್ಕೆ ಮಾತ್ರ ಆಧಾರವಿಲ್ಲ. ಅದೇ ಸಾಲಿಯೇರಿ ಮುಂದೆ ಮೊಜಾರ್ಟನ ಮಗನಿಗೆ ಸಂಗೀತ ಕಲಿಸಿದ. ಆ ಸುಳ್ಳನ್ನು ನಂಬಿದ ಪ್ರೇಕ್ಷಕರು ಮುಖ ಸಿಂಡರಿಸಿದ್ದು ನಿಜವಾದ ಮಾತುಗಳಿಗೆ.

ಹಣದಾಸೆಗೆ ತುರುಕಿದ ಬೈಗುಳದ ಪರವಾಗಿ ನಾನು ವಾದಿಸುತ್ತಿಲ್ಲ. ಅದನ್ನು ಗುರುತಿಸುವುದು ಕಷ್ಟವೂ ಅಲ್ಲ: ತೆಗೆದರೂ ಕಥೆ ಕದಲುವುದಿಲ್ಲ. ನೀಲಗಾರರ ಬಿರುನುಡಿ ಹಾಗಲ್ಲ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಅಜ್ಜಿಯ ಮಡಿಲಲ್ಲಿ ಕುಳಿತ ಮಗುವೂ ಅದನ್ನು ಕೇಳುತ್ತದೆ. ಅಜ್ಜಿ ಕಿವಿ ಮುಚ್ಚುವುದಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.