ತಕ್ಕಡಿಗೇ ತಕರಾರು

ಹೈಸ್ಕೂಲಿನ ಪ್ರಯೋಗಾಲಯದ ಗೋಡೆಗೆ ನೇತುಹಾಕಿದ ಆವರ್ತ ಕೋಷ್ಟಕದಲ್ಲಿ 52 ಮತ್ತು 53ನೇ ಚೌಕಗಳನ್ನು ಒಮ್ಮೆ ನೋಡಿ. ಮೊದಲನೆಯದು ಟೆಲುರಿಯಂ, ಅದರ ಪರಮಾಣು ತೂಕ 127.6. ಪಕ್ಕದ್ದು ಅಯೋಡಿನ್, 126.9. ತೂಕ ಏರುತ್ತಾ ಸಾಗಬೇಕಾದ ಸಾಲಿನಲ್ಲಿ ಭಾರದ್ದು ಮೊದಲು, ಹಗುರದ್ದು ಆಮೇಲೆ. ಇದೇನೂ ಅಚ್ಚಿನ ತಪ್ಪಲ್ಲ. 1869ರಲ್ಲಿ ಡಿಮಿಟ್ರಿ ಮೆಂಡಲೀವ್ ಬೇಕೆಂದೇ ಹೀಗೆ ಕೂರಿಸಿದ.

ಮೆಂಡಲೀವ್ ಎಂದೊಡನೆ ನಮ್ಮ ಪಠ್ಯಪುಸ್ತಕಗಳು ಖಾಲಿ ಚೌಕಗಳ ಕಥೆ ಹೇಳುತ್ತವೆ. ಇನ್ನೂ ಸಿಗದ ಧಾತುಗಳಿಗೆ ಜಾಗ ಕಾದಿರಿಸಿದ, ಅವು ಒಂದೊಂದಾಗಿ ಸಿಕ್ಕವು. ನಿಜವೇ. ಆದರೆ ಕಣ್ಣಿಗೆ ಕಾಣದ್ದನ್ನು ಇದೆ ಎನ್ನುವುದಕ್ಕಿಂತ, ತಕ್ಕಡಿಯಲ್ಲಿ ತೂಗಿ ತೋರಿಸಿದ್ದನ್ನು ಸುಳ್ಳು ಎನ್ನುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕು. ಆತ ಅದನ್ನೂ ಮಾಡಿದ, ಒಂದಲ್ಲ ಹಲವು ಸಲ.

ಆ ಧೈರ್ಯದ ಬುಡ 1860ರ ಸೆಪ್ಟೆಂಬರಿನಲ್ಲಿದೆ. ಅಲ್ಲಿಯವರೆಗೆ ರಸಾಯನಶಾಸ್ತ್ರಜ್ಞರಿಗೆ ಪರಮಾಣು ತೂಕದ ಬಗ್ಗೆಯೇ ಒಮ್ಮತವಿರಲಿಲ್ಲ. ಆಮ್ಲಜನಕ ಒಬ್ಬರಿಗೆ 8, ಇನ್ನೊಬ್ಬರಿಗೆ 16. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ಸಮ್ಮೇಳನದಲ್ಲಿ ಇಟಲಿಯ ಕ್ಯಾನಿಝಾರೊ ಈ ಗೊಂದಲಕ್ಕೊಂದು ದಾರಿ ತೋರಿಸಿದ. ಆತನ ಕಿರುಹೊತ್ತಿಗೆಯನ್ನು ಸಭೆಯ ಕೊನೆಯಲ್ಲಿ ಹಂಚಲಾಯಿತು. ಸಭಿಕರಲ್ಲಿ 26ರ ಹರೆಯದ ಮೆಂಡಲೀವನೂ ಇದ್ದ. ತೂಕಗಳು ನಂಬುವಂತಾದ ಮೇಲೆ ಧಾತುಗಳನ್ನು ಸಾಲಾಗಿ ಜೋಡಿಸಲು ಹೊರಟವರು ಹಲವರು. ಲಂಡನ್ನಿನ ನ್ಯೂಲ್ಯಾಂಡ್ಸ್ ಪ್ರತಿ ಎಂಟನೆಯದು ಮೊದಲನೆಯದನ್ನು ಹೋಲುತ್ತದೆ ಎಂದು 1866ರಲ್ಲಿ ಕೆಮಿಕಲ್ ಸೊಸೈಟಿಯಲ್ಲಿ ಹೇಳಿದಾಗ, ‘ಅಕ್ಷರಮಾಲೆಯ ಪ್ರಕಾರ ಜೋಡಿಸಿ ನೋಡಿದ್ದೀರಾ?’ ಎಂದು ಸಭೆಯಲ್ಲೊಬ್ಬರು ಕೇಳಿದರು. ಅದೇ ಊರಿನ ರಾಯಲ್ ಸೊಸೈಟಿ 1887ರಲ್ಲಿ ಆತನಿಗೆ ಪದಕ ಕೊಟ್ಟು ಋಣ ತೀರಿಸಿತು.

ಮೆಂಡಲೀವನ ಕೋಷ್ಟಕ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಚೀಸ್ ತಯಾರಿಸುವ ಸಹಕಾರಿ ಘಟಕಗಳ ತಪಾಸಣೆಗೆ ಆತ ಹೊರಡಬೇಕಿದ್ದ ದಿನ. ಆ ವಿಷಯಕ್ಕೆಂದೇ ಬಂದಿದ್ದ ಪತ್ರದ ಹಿಂಬದಿಯಲ್ಲಿ ಧಾತುಗಳ ತೂಕಗಳನ್ನು ಗೀಚಿಕೊಂಡ. ಆ ಕಾಗದ ಇವತ್ತಿಗೂ ಉಳಿದಿದೆ. ಕನಸಿನಲ್ಲಿ ಇಡೀ ಕೋಷ್ಟಕ ಕಂಡಿತಂತೆ ಎಂಬ ದಂತಕಥೆಗಿಂತ ನನಗೆ ಈ ಗೀಚುಕಾಗದದ ಮೇಲೆಯೇ ನಂಬಿಕೆ. ಆಗ ಗೊತ್ತಿದ್ದ ಧಾತುಗಳು 63.

ಈಗ ತಕರಾರಿಗೆ ಬರೋಣ. ಆ ಕಾಲದ ತಕ್ಕಡಿ ಪರಮಾಣುವಿನ ತೂಕವನ್ನು ನೇರವಾಗಿ ಹೇಳುತ್ತಿರಲಿಲ್ಲ. ಒಂದು ಧಾತು ಇನ್ನೊಂದರ ಜೊತೆ ಎಷ್ಟು ಪಾಲಿನಲ್ಲಿ ಸೇರುತ್ತದೆ ಎಂಬುದಷ್ಟೇ ಅದರಿಂದ ಸಿಗುತ್ತಿತ್ತು. ಆ ಅಂಕಿಯನ್ನು ಧಾತುವಿನ ವೇಲೆನ್ಸಿಯಿಂದ, ಅಂದರೆ ಅದು ಎಷ್ಟು ಬಂಧ ಕಟ್ಟಬಲ್ಲದು ಎಂಬ ಸಂಖ್ಯೆಯಿಂದ, ಗುಣಿಸಿದರೆ ಪರಮಾಣು ತೂಕ. ಬೆರಿಲಿಯಂಗೆ ತಕ್ಕಡಿ ಕೊಟ್ಟ ಅಂಕಿ ಸುಮಾರು 4.5. ಗುಣಲಕ್ಷಣದಲ್ಲಿ ಅದು ಅಲ್ಯೂಮಿನಿಯಂ ತರಹ ಕಾಣುತ್ತಿದ್ದರಿಂದ ವೇಲೆನ್ಸಿ 3 ಇರಬೇಕೆಂದು ಅನೇಕರು 13.5 ಎಂದು ಬರೆದಿಟ್ಟಿದ್ದರು. ಹಾಗಾದರೆ ಅದು 12ರ ಇಂಗಾಲ ಮತ್ತು 14ರ ಸಾರಜನಕದ ನಡುವೆ ಕೂರಬೇಕು. ಅಲ್ಲಿ ಕಾಲಿಡಲೂ ಜಾಗವಿಲ್ಲ. ವೇಲೆನ್ಸಿ 2 ಎಂದರೆ ತೂಕ 9. ಅದು 7ರ ಲಿಥಿಯಂ ಮತ್ತು 11ರ ಬೋರಾನ್ ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ಮೆಂಡಲೀವ್ 9 ಎಂದ. ಸ್ವೀಡನ್ನಿನ ನಿಲ್ಸನ್ ಮತ್ತು ಪೆಟರ್ಸನ್ ಅದನ್ನು ವಿರೋಧಿಸುತ್ತಾ ಬಂದರು. ಕೊನೆಗೆ 1884ರಲ್ಲಿ ಬೆರಿಲಿಯಂ ಕ್ಲೋರೈಡಿನ ಆವಿಯ ಸಾಂದ್ರತೆ ಅಳೆದು 9 ಸರಿ ಎಂದು ಒಪ್ಪಿದವರೂ ಅವರೇ. ಯುರೇನಿಯಂನ 120ನ್ನು ಆತ ಇಮ್ಮಡಿಸಿ 240 ಮಾಡಿದ. ಇಂಡಿಯಂ 75ರ ಆಸುಪಾಸಿನಿಂದ 113ಕ್ಕೆ ಏರಿತು. ಎರಡೂ ಸರಿಹೋದವು.

ಖಾಲಿ ಚೌಕಗಳ ವಿಷಯದಲ್ಲೂ ಆತ ತಕ್ಕಡಿಯನ್ನು ಬಿಡಲಿಲ್ಲ. ಅಲ್ಯೂಮಿನಿಯಂ ಕೆಳಗಿನ ಧಾತುವಿಗೆ ಸಂಸ್ಕೃತದ ‘ಏಕ’ ಸೇರಿಸಿ ಏಕ-ಅಲ್ಯೂಮಿನಿಯಂ ಎಂದು ಹೆಸರಿಟ್ಟು, ಅದರ ಗುಣಗಳನ್ನು ಮೊದಲೇ ಬರೆದಿಟ್ಟಿದ್ದ. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಪತ್ತೆ ಮಾಡಿ ಸಾಂದ್ರತೆ 4.7 ಎಂದು ಪ್ರಕಟಿಸಿದ. ಆ ಲೋಹವನ್ನು ಕಣ್ಣಿಂದಲೂ ನೋಡಿರದ ಮೆಂಡಲೀವ್, 5.9 ಇರಬೇಕು, ಇನ್ನೊಮ್ಮೆ ಶುದ್ಧಿ ಮಾಡಿ ನೋಡಿ ಎಂದ. ಶುದ್ಧಿ ಮಾಡಿ ಅಳೆದಾಗ ಬಂದದ್ದು 5.9.

ಇಷ್ಟೆಲ್ಲ ಗೆದ್ದವನು ಟೆಲುರಿಯಂ ವಿಷಯದಲ್ಲಿ ಎಡವಿದ. ಟೆಲುರಿಯಂ ಗಂಧಕ-ಸೆಲೆನಿಯಂ ಕುಟುಂಬದ್ದು, ಅಯೋಡಿನ್ ಕ್ಲೋರಿನ್-ಬ್ರೋಮಿನ್ ಕುಟುಂಬದ್ದು; ಈ ನಂಟನ್ನು ಬಿಡಲು ಆತ ತಯಾರಿರಲಿಲ್ಲ. ಹಾಗಾಗಿ ತೂಕವೇ ತಪ್ಪಿರಬೇಕು ಎಂದುಕೊಂಡ. 1869ರಲ್ಲಿ 128ರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ, 1871ರಲ್ಲಿ 125 ಎಂದೇ ಬರೆದ. ಪ್ರಾಗ್‌ನ ಬ್ರೌನರ್ ಎಂಬ ಅಭಿಮಾನಿ ವರ್ಷಗಟ್ಟಲೆ ಟೆಲುರಿಯಂ ಶುದ್ಧಿ ಮಾಡಿ ಮಾಡಿ ತೂಗಿದ. ಕೊನೆಗೂ ಉಳಿದದ್ದು 127ರ ಮೇಲಿನ ಅಂಕಿಯೇ. ಈ ಸಲ ತಕ್ಕಡಿ ಸರಿಯಿತ್ತು. ಮೆಂಡಲೀವನ ಜಾಗವೂ ಸರಿಯಿತ್ತು, ಆತ ಕೊಟ್ಟ ಕಾರಣ ಮಾತ್ರ ತಪ್ಪು.

ಅಷ್ಟರಲ್ಲಿ ಅದೇ ರೋಗ ಇನ್ನೊಂದು ಕಡೆ ಕಾಣಿಸಿಕೊಂಡಿತು. 1894ರಲ್ಲಿ ರ‍್ಯಾಲೆ ಮತ್ತು ವಿಲಿಯಂ ರಾಮ್ಸೆ ಗಾಳಿಯಲ್ಲಿ ಆರ್ಗಾನ್ ಪತ್ತೆ ಮಾಡಿದರು. ತೂಕ ಸುಮಾರು 40; ಮುಂದಿನ ಪೊಟ್ಯಾಸಿಯಂಗಿಂತ ಹೆಚ್ಚು. ಇದು ಧಾತುವೇ ಅಲ್ಲ, ಸಾರಜನಕದ ಮೂರು ಪರಮಾಣುಗಳ ಕೂಟ ಎಂದು ಮೆಂಡಲೀವ್ ತಳ್ಳಿಹಾಕಲು ನೋಡಿದ. 1898ರಲ್ಲಿ ರಾಮ್ಸೆ ಮತ್ತು ಶಿಷ್ಯ ಮೋರಿಸ್ ಟ್ರಾವರ್ಸ್ ಸೇರಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನೂ ಹೊರತೆಗೆದ ಮೇಲೆ ಜಡ ಅನಿಲಗಳಿಗೆ ಹೊಸ ಕಂಬಸಾಲನ್ನೇ ಕೊಡಬೇಕಾಯಿತು. ಈ ಇಬ್ಬರೂ ನಮ್ಮವರಿಗೆ ಬೇರೆ ರೀತಿಯಲ್ಲೂ ಬೇಕಾದವರು. ಟಾಟಾ ಇನ್‌ಸ್ಟಿಟ್ಯೂಟಿಗೆ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ) ಬೆಂಗಳೂರೇ ತಕ್ಕ ಜಾಗ ಎಂದು ಶಿಫಾರಸು ಮಾಡಿದವರು ರಾಮ್ಸೆ. ಅದರ ಮೊದಲ ನಿರ್ದೇಶಕರಾಗಿ ಬಂದವರು ಟ್ರಾವರ್ಸ್.

ಒಗಟು ಬಿಡಿಸಿದ್ದು ಹೆನ್ರಿ ಮೋಸ್ಲಿ. 1913ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಈ ತರುಣ ಒಂದೊಂದೇ ಧಾತುವಿನಿಂದ ಹೊಮ್ಮುವ ಕ್ಷ-ಕಿರಣಗಳನ್ನು ಅಳೆದ. ಕಂಪನಾಂಕದ ವರ್ಗಮೂಲ ಧಾತುವಿನಿಂದ ಧಾತುವಿಗೆ ಸಮವಾದ ಒಂದೊಂದು ಮೆಟ್ಟಿಲಿನಂತೆ ಏರುತ್ತಿತ್ತು. ಆ ಮೆಟ್ಟಿಲಿನ ಸಂಖ್ಯೆಯೇ ಪರಮಾಣು ಸಂಖ್ಯೆ, ಅಂದರೆ ನ್ಯೂಕ್ಲಿಯಸ್ಸಿನ ಧನ ವಿದ್ಯುದಂಶ. ಧಾತುಗಳ ಸಾಲು ತೂಕದ್ದಲ್ಲ, ಈ ಸಂಖ್ಯೆಯದು. ತೂಕದ ಪ್ರಕಾರ ತಲೆಕೆಳಗಾಗಿದ್ದ ಕೋಬಾಲ್ಟ್ ಮತ್ತು ನಿಕಲ್ ಕೂಡ 27, 28 ಎಂದು ಸಲೀಸಾಗಿ ಸಾಲಿಗೆ ನಿಂತವು. 1915ರ ಆಗಸ್ಟ್‌ನಲ್ಲಿ ಗಲಿಪೊಲಿಯ ಯುದ್ಧಭೂಮಿಯಲ್ಲಿ ಗುಂಡು ತಗುಲಿ ಮೋಸ್ಲಿ ಸತ್ತಾಗ ವಯಸ್ಸು 27. ಮೆಂಡಲೀವ್ ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು.

ಹಾಗಾದರೆ ತೂಕವೇಕೆ ಅಡ್ಡ ಹೋಗುತ್ತದೆ? ಉತ್ತರ ಐಸೋಟೋಪುಗಳಲ್ಲಿದೆ. ಪ್ರೋಟಾನ್ ಸಂಖ್ಯೆ ಒಂದೇ ಇದ್ದರೂ ನ್ಯೂಟ್ರಾನ್ ಹೆಚ್ಚುಕಡಿಮೆ ಇರಬಹುದು. ಪ್ರಕೃತಿಯಲ್ಲಿ ಸಿಗುವ ಅಯೋಡಿನ್ ಎಲ್ಲವೂ 127. ಟೆಲುರಿಯಂನಲ್ಲಿ ಭಾರದ 128 ಮತ್ತು 130ರ ಪಾಲೇ ದೊಡ್ಡದು, ಆದ್ದರಿಂದ ಸರಾಸರಿ ಮೇಲೇರುತ್ತದೆ. ಆರ್ಗಾನ್‌ನದು ಇನ್ನೂ ಸ್ವಾರಸ್ಯದ ಸಂಗತಿ. ನಮ್ಮ ಗಾಳಿಯ ಆರ್ಗಾನ್ ಹೆಚ್ಚುಕಡಿಮೆ ಪೂರ್ತಿ ಆರ್ಗಾನ್-40. ಬಂಡೆಗಳೊಳಗಿನ ವಿಕಿರಣಶೀಲ ಪೊಟ್ಯಾಸಿಯಂ-40 ಕೋಟ್ಯಂತರ ವರ್ಷಗಳಿಂದ ಕ್ಷಯಿಸುತ್ತಾ ಅದನ್ನು ಹುಟ್ಟಿಸಿದೆ. ಅಂದರೆ ಪೊಟ್ಯಾಸಿಯಂಗಿಂತ ಭಾರ ಎಂದು ಮೆಂಡಲೀವನ ನಿದ್ದೆಗೆಡಿಸಿದ ಅನಿಲ ಪೊಟ್ಯಾಸಿಯಂನದೇ ಸಂತಾನ. ಸೂರ್ಯನಲ್ಲಿರುವ ಆರ್ಗಾನ್ ಬಹುತೇಕ ಹಗುರದ 36. ಅದನ್ನು ತೂಗಿದ್ದರೆ ಪೊಟ್ಯಾಸಿಯಂಗಿಂತ ಕಡಿಮೆಯೇ ಬರುತ್ತಿತ್ತು.