ಮೇವಿನ ಯಂತ್ರದ ಬಾಯಿಂದ ಕೈ ದೂರವಿರಲಿ



ಕಳೆದ ಮಳೆಗಾಲದಲ್ಲಿ ಒಂದು ಮಹಿಳಾ ಸಂಘಕ್ಕೆ ಬೆಳಗಿನ ಹಾಲು ಹಾಕುವ ಹೊತ್ತಿಗೆ ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದ ಅಕ್ಕ ಒಬ್ಬರು ಎಡಗೈಯಲ್ಲಿ ಕ್ಯಾನು ಹಿಡಿದು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಸರದಿ ಬಂದಾಗ ಕ್ಯಾನು ಎತ್ತಲು ಆ ಕೈ ಹೊರಗೆ ಬಂತು. ನಡುಬೆರಳು, ಉಂಗುರದ ಬೆರಳು ಎರಡೂ ಇರಲಿಲ್ಲ. ನಾನು ನೋಡಿದ್ದನ್ನು ಗಮನಿಸಿ, "ಹುಲ್ಲಿನ ಮಿಷನ್ನಿಗೆ ಹೋಯ್ತು ಮೇಡಂ. ಈಗ ನನ್ನ ಮಗಳು ಹಾಲು ಕರೆದಿಟ್ಟು ಸ್ಕೂಲಿಗೆ ಹೋಗ್ತಾಳೆ" ಎಂದರು.

ಆದದ್ದು ಇಷ್ಟೇ. ಸಂಜೆ ಹೊತ್ತು, ಮಳೆಯಲ್ಲಿ ನೆನೆದ ಸೀಮೆ ಹುಲ್ಲು ಯಂತ್ರಕ್ಕೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಹೇಗೂ ನಿಂತಿದೆಯಲ್ಲ ಎಂದು ಕೈ ಹಾಕಿ ಸಿಕ್ಕಿದ್ದನ್ನು ಎಳೆಯುತ್ತಿದ್ದರು. ಸ್ವಿಚ್ ಆನ್ ಆಗಿಯೇ ಇತ್ತು. ಕರೆಂಟ್ ಬಂತು.

ಯಂತ್ರವೇ ಬೇಡ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಕರಾವಿನ ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 25ರಿಂದ 30 ಕೆ.ಜಿ. ಹಸಿ ಮೇವು ಬೇಕು. ನಾಲ್ಕು ಹಸು ಕಟ್ಟಿದ ಮನೆಯಲ್ಲಿ ದಿನಾ ಒಂದು ಕ್ವಿಂಟಾಲಿಗೂ ಮೇಲೆ ಮಚ್ಚಿನಲ್ಲಿ ಕೊಚ್ಚುವವರ ರಟ್ಟೆಯ ಕಷ್ಟ ನಿಮಗೆ ಗೊತ್ತು. ಕೊಚ್ಚದೆ ಹಾಕಿದರೆ ಹಸು ಎಲೆ ಆರಿಸಿ ತಿಂದು ದಂಟನ್ನು ತುಳಿದು ಹಾಕುತ್ತದೆ. ಯಂತ್ರ ಇರಬೇಕು. ಆದರೆ ಅದನ್ನು ಎಲ್ಲಿ ಕೂರಿಸಿದ್ದೀರಿ, ಸ್ವಿಚ್ ಎಲ್ಲಿದೆ, ಸಿಕ್ಕಿಕೊಂಡಾಗ ಮೊದಲು ಕೈ ಎಲ್ಲಿಗೆ ಹೋಗುತ್ತದೆ ಎನ್ನುವುದರ ಮೇಲೆ ಬೆರಳು ಉಳಿಯುವುದು ನಿಂತಿದೆ.

ರೋಲರ್ ಎಳೆಯುವ ವೇಗ

ಈಳಿಗೆ ಮಣೆಯ ಮುಂದೆ ಕೂತು ನಾವೆಲ್ಲ ವರ್ಷಗಟ್ಟಲೆ ತರಕಾರಿ ಹೆಚ್ಚಿದ್ದೇವೆ. ಅಲ್ಲಿ ಅಲಗು ನಿಂತಿರುತ್ತದೆ, ಚಲಿಸುವುದು ನಮ್ಮ ಕೈ. ಕೈ ನಿಲ್ಲಿಸಿದರೆ ಎಲ್ಲವೂ ನಿಲ್ಲುತ್ತದೆ. ಮೇವಿನ ಯಂತ್ರದಲ್ಲಿ ಹಾಗಿಲ್ಲ. ಬ್ಲೇಡಿಗೂ ಮುಂಚೆ ಹಲ್ಲಿರುವ ಎರಡು ರೋಲರ್ ಇವೆ. ಒಂದರ ಮೇಲೊಂದು ಒತ್ತಿಕೊಂಡು ತಿರುಗುತ್ತಾ ಸಿಕ್ಕಿದ್ದನ್ನು ಬ್ಲೇಡಿನ ಕಡೆಗೆ ಎಳೆದುಕೊಳ್ಳುವುದೇ ಅವುಗಳ ಕೆಲಸ. ಹುಲ್ಲು ಯಾವುದು, ಸೆರಗು ಯಾವುದು, ಬೆರಳು ಯಾವುದು ಎಂದು ಅವಕ್ಕೆ ತಿಳಿಯುವುದಿಲ್ಲ.

ಎಷ್ಟು ಬೇಗ ಎಳೆಯುತ್ತವೆ? ಎರಡು ಬ್ಲೇಡಿನ ಚಕ್ರ ನಿಮಿಷಕ್ಕೆ 300 ಸುತ್ತು ತಿರುಗುತ್ತಿದೆ, ತುಂಡು 2 ಸೆಂ.ಮೀ. ಬೀಳುತ್ತಿದೆ ಎಂದುಕೊಳ್ಳಿ. ನಿಮಿಷಕ್ಕೆ 600 ತುಂಡು, ಅಂದರೆ 12 ಮೀಟರ್ ಮೇವು ಒಳಕ್ಕೆ ಹೋಗುತ್ತದೆ. ಸೆಕೆಂಡಿಗೆ 20 ಸೆಂ.ಮೀ. ನಿಮ್ಮ ಅಂಗೈಯನ್ನು ಮಣಿಕಟ್ಟಿನಿಂದ ಬೆರಳ ತುದಿವರೆಗೆ ಅಳೆದು ನೋಡಿ, ಅದಕ್ಕಿಂತ ಕಡಿಮೆಯೇ ಇರುತ್ತದೆ. "ಸಿಕ್ಕಿತು" ಎಂದು ಗೊತ್ತಾಗಿ ಕೈ ಎಳೆದುಕೊಳ್ಳುವಷ್ಟು ಹೊತ್ತು ಅಲ್ಲಿ ಇರುವುದಿಲ್ಲ.

ರೋಲರ್ ಇಲ್ಲದ, ಮೋಟಾರಿಗೆ ನೇರವಾಗಿ ಬ್ಲೇಡ್ ಕೂರಿಸಿದ ಸಣ್ಣ ಯಂತ್ರಗಳೂ ಬಂದಿವೆ. ಅವು ಎಳೆದುಕೊಳ್ಳುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎಂದು ತಿಳಿಯಬೇಡಿ. ಅವುಗಳ ವೇಗ ಇನ್ನೂ ಹೆಚ್ಚು, ಬ್ಲೇಡ್ ಇನ್ನೂ ಹತ್ತಿರ.

ಕೂರಿಸುವ ದಿನವೇ ನೋಡಬೇಕಾದದ್ದು

ಸಹಾಯಧನದಲ್ಲಿ ಬಂದಿರಲಿ, ದುಡ್ಡು ಕೊಟ್ಟು ತಂದಿರಲಿ, ಯಂತ್ರ ಇಳಿಸಿದ ದಿನ ವೈರ್ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಮೇವು ಹಾಕುವ ತಟ್ಟೆಯ ಹೊರತುದಿಯಲ್ಲಿ ನಿಂತು ಕೈಯನ್ನು ಪೂರ್ತಿ ಚಾಚಿ. ಬೆರಳು ರೋಲರನ್ನು ಮುಟ್ಟಿದರೆ ತಟ್ಟೆ ಗಿಡ್ಡವಾಯಿತು. ತಟ್ಟೆ ಮೂರು ಅಡಿಯಾದರೂ ಇರಲಿ. ರೋಲರ್ ಕಡೆಯ ಒಂದೂವರೆ ಅಡಿಗೆ ಮೇಲೂ ತಗಡು ಮುಚ್ಚಿ ಸುರಂಗದ ಹಾಗೆ ಮಾಡಿಸಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಈ ಲೇಖನದಲ್ಲಿ ಬೇರೆ ಯಾವುದನ್ನು ಮಾಡದಿದ್ದರೂ ಇದೊಂದನ್ನು ಮಾಡಿಸಿ.

ಚಕ್ರ, ಬೆಲ್ಟ್, ಗೇರ್ ಮೂರಕ್ಕೂ ಮುಚ್ಚಳ ಇರಬೇಕು. ಗ್ರೀಸ್ ಹಾಕಲು ಅಡ್ಡಿ ಎಂದು ಬಿಚ್ಚಿ ಅಟ್ಟಕ್ಕೆ ಎಸೆದ ಮುಚ್ಚಳಗಳನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇಳಿಸಿ ಹಾಕಿಸಿ. ಯಂತ್ರದ ಪಕ್ಕದ ಗೇರ್ ಹ್ಯಾಂಡಲ್ ಮುಂದಕ್ಕೆ, ಮಧ್ಯಕ್ಕೆ, ಹಿಂದಕ್ಕೆ ಮೂರೂ ಕಡೆ ಸಲೀಸಾಗಿ ಬೀಳುತ್ತದೆಯೇ ನೋಡಿ. ಹಿಂದಕ್ಕೆ ಹಾಕಿದರೆ ರೋಲರ್ ಉಲ್ಟಾ ತಿರುಗಿ ಸಿಕ್ಕಿದ್ದನ್ನು ಹೊರಕ್ಕೆ ತಳ್ಳುತ್ತದೆ. ತುಕ್ಕು ಹಿಡಿದು ಬಿಗಿಯಾದ ಹ್ಯಾಂಡಲ್ ಇದ್ದರೂ ಇಲ್ಲದಂತೆಯೇ.

ಜಾಗದ ವಿಷಯ. ಹಸು ಕಟ್ಟುವ ನೆಲದ ಮೇಲೆ ಯಂತ್ರ ಇಡಬೇಡಿ. ಗಂಜಲ, ನೀರು ಬಿದ್ದ ನೆಲ ಜಾರುತ್ತದೆ, ಒದ್ದೆ ನೆಲದಲ್ಲಿ ಶಾಕ್ ಕೂಡ ಜೋರಾಗಿ ಹೊಡೆಯುತ್ತದೆ. ಸೂರಿನ ಕೆಳಗೆ ಒಣ ಜಾಗದಲ್ಲಿ ಸಣ್ಣ ಸಿಮೆಂಟ್ ಕಟ್ಟೆ ಹಾಕಿ ಬೋಲ್ಟ್ ಬಿಗಿಸಿ. ಓಡುವಾಗ ಅಲುಗಾಡುವ ಯಂತ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳುವ ಅಭ್ಯಾಸ ಬಂದುಬಿಡುತ್ತದೆ. ನೀವು ನಿಲ್ಲುವ ಜಾಗದ ಹಿಂದೆ ಎರಡು ಹೆಜ್ಜೆ ಖಾಲಿ ಇರಲಿ. ಅಲ್ಲಿ ಹೊರೆ ಬಿದ್ದಿದ್ದರೆ, ಕರು ಕಟ್ಟಿದ್ದರೆ, ಗಾಬರಿಯಲ್ಲಿ ಹಿಂದೆ ಸರಿಯಲು ಆಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಮೇವು ಕತ್ತರಿಸುವುದು ಮನೆಗೆಲಸ ಮುಗಿಸಿ, ಬೆಳಕು ಹೋದ ಮೇಲೆ. ಆದ್ದರಿಂದ ತಟ್ಟೆಯ ನೇರಕ್ಕೆ ಒಂದು ಬಲ್ಬು ಬೇಕೇ ಬೇಕು, ನಿಮ್ಮ ನೆರಳೇ ತಟ್ಟೆಯ ಮೇಲೆ ಬೀಳದ ಹಾಗೆ.

ಕರೆಂಟ್ ಕೆಲಸ

2 ಎಚ್.ಪಿ. ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಹೆಚ್ಚು. ಟಿವಿಯ ಪ್ಲಗ್ಗಿನಿಂದ ತೆಳು ವೈರ್ ಎಳೆದು ಕೊಟ್ಟಿಗೆಗೆ ಕೊಟ್ಟರೆ ವೈರು ಕಾಯುತ್ತದೆ, ಹುಲ್ಲಿನ ಮನೆಯಲ್ಲಿ ಅದರಿಂದ ಏನಾಗಬಹುದು ಎಂದು ಹೇಳಬೇಕಾಗಿಲ್ಲ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನು, ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರು, ದೂರವಿದ್ದರೆ 4, ಜೊತೆಗೆ ಒಂದು ಎಂ.ಸಿ.ಬಿ. ಹಾಕಿಸಿ. ಶಾಕ್ ತಡೆಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕೂಡ ಹಾಕಿಸಿದರೆ ಹಸುಗಳಿಗೂ ಒಳ್ಳೆಯದು. ಅರ್ಥಿಂಗ್ ವೈರನ್ನು ಕತ್ತರಿಸಿ, ಉಳಿದ ಎರಡು ತುದಿಯನ್ನು ಪ್ಲಗ್ಗಿಗೆ ಸಿಕ್ಕಿಸುವ ರೂಢಿ ನಿಲ್ಲಬೇಕು.

ಬರಿ ಸ್ವಿಚ್ ಬದಲು, ಕರೆಂಟ್ ಹೋದಾಗ ತಾನೇ ಬಿಟ್ಟುಕೊಳ್ಳುವ ಸ್ಟಾರ್ಟರ್ ಹಾಕಿಸಿ. ಪಂಪ್‌ಸೆಟ್ ಇರುವ ಮನೆಯವರಿಗೆ ಇದು ಗೊತ್ತು. ಕರೆಂಟ್ ಮತ್ತೆ ಬಂದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ಓಡುವುದಿಲ್ಲ. ಆದರೆ "ಆಟೋ" ಇರುವ ಸ್ಟಾರ್ಟರ್ ಬೇಡ, ಅದು ಕರೆಂಟ್ ಬಂದ ಕೂಡಲೇ ತಾನೇ ಶುರುಮಾಡುತ್ತದೆ. ಬೋರ್‌ವೆಲ್ಲಿಗೆ ಸರಿ, ಇಲ್ಲಿಗೆ ಅಲ್ಲ. ಕೆಂಪು ಗುಂಡಿ ನೀವು ಮೇವು ಹಾಕುವ ಜಾಗದಲ್ಲಿ ನಿಂತಂತೆಯೇ ಕೈಗೆ ಸಿಗಬೇಕು. ಯಂತ್ರ ಸುತ್ತಿಕೊಂಡು ಹೋಗಿ ಆರಿಸುವ ಹಾಗಿದ್ದರೆ ಅದನ್ನು ಕೀಳಿಸಿ ಈಚೆಗೆ ಹಾಕಿಸಿ.

ತ್ರೀ ಫೇಸ್ ಮೋಟಾರಿನವರಿಗೆ ಇನ್ನೊಂದು ಮಾತು. ಲೈನಿನ ಕೆಲಸ ಆದ ಮೇಲೆ ಫೇಸ್ ಅದಲುಬದಲಾಗಿ ಚಕ್ರ ಉಲ್ಟಾ ತಿರುಗಬಹುದು. ಚಕ್ರದ ಮುಚ್ಚಳದ ಮೇಲೆ ಬಾಣದ ಗುರುತು ಬರೆಸಿಟ್ಟುಕೊಂಡು, ಮೇವು ಹಾಕುವ ಮುಂಚೆ ಖಾಲಿ ಓಡಿಸಿ ನೋಡಿ.

ದಿನದ ಕೆಲಸದಲ್ಲಿ

ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ಎತ್ತಿ ತುರುಬು ಕಟ್ಟಿ. ನೈಟಿ ಮೇಲೆ ಹಾಕಿಕೊಂಡ ಟವೆಲ್ಲನ್ನು ತೆಗೆದು ಪಕ್ಕಕ್ಕಿಡಿ, ಜಾರಿ ಬೀಳುವುದು ಅದೇ ಮೊದಲು. ತಾಳಿ ಸರ ರವಿಕೆಯೊಳಗೆ ಇರಲಿ. ಬಳೆಗಳನ್ನು ಮೇಲಕ್ಕೆ ಸರಿಸಿ ರಬ್ಬರ್ ಹಾಕಿಕೊಳ್ಳಬಹುದು. ಬಟ್ಟೆಯ ಗ್ಲೌಸ್ ಹಾಕಿದರೆ ರಕ್ಷಣೆ ಎಂದುಕೊಳ್ಳುವವರಿದ್ದಾರೆ. ಬೇಡ, ಗ್ಲೌಸಿನ ತುದಿ ರೋಲರಿಗೆ ಸಿಕ್ಕರೆ ಕೈಯನ್ನೂ ಕರೆದುಕೊಂಡು ಹೋಗುತ್ತದೆ.

ಹ್ಯಾಂಡಲ್ ಮಧ್ಯದಲ್ಲಿಟ್ಟು ಮೋಟಾರು ಹಾಕಿ. ಚಕ್ರ ಪೂರ್ತಿ ವೇಗಕ್ಕೆ ಬಂದ ಮೇಲೆ ಹ್ಯಾಂಡಲ್ ಮುಂದಕ್ಕೆ. ಮೋಟಾರು ಗುಂಯ್ ಎನ್ನುತ್ತಾ ತಿರುಗದಿದ್ದರೆ ವೋಲ್ಟೇಜ್ ಸಾಲದಿರಬಹುದು, ತಕ್ಷಣ ಆರಿಸಿ. ಚಕ್ರವನ್ನು ಕೈಯಿಂದ ತಳ್ಳಿ ಶುರುಮಾಡಬೇಡಿ.

ಒಂದು ಸಲಕ್ಕೆ ತೆಳುವಾದ ಹಿಡಿ, ಬುಡದ ಕಡೆ ಮುಂದೆ. ಒದ್ದೆ ಸೀಮೆ ಹುಲ್ಲನ್ನು ಹಾಗೇ ತುರುಕಿದರೆ ಸಿಕ್ಕಿಕೊಳ್ಳುತ್ತದೆ. ಮಧ್ಯೆ ಒಂದಷ್ಟು ಒಣ ಜೋಳದ ದಂಟೋ ರಾಗಿ ಹುಲ್ಲೋ ಸೇರಿಸಿ ಹಾಕಿದರೆ ಸಲೀಸು. ಹುಲ್ಲನ್ನು ಕೈಗೆ ಸುತ್ತಿಕೊಂಡು ಹಿಡಿಯಬೇಡಿ, ರೋಲರ್ ಎಳೆದಾಗ ಬೆರಳು ಬಿಡಿಸಿಕೊಳ್ಳಲು ಬರುವುದಿಲ್ಲ. ಕೊನೆಗೆ ಉಳಿಯುವ ಗಿಡ್ಡ ತುಂಡುಗಳೇ ಹೆಚ್ಚು ಅಪಾಯ. ಅವನ್ನು ಮುಂದಿನ ಹಿಡಿಯಿಂದಲೇ ತಳ್ಳಿ, ಇಲ್ಲವೇ ಎರಡು ಅಡಿಯ ಮರದ ಕೋಲಿನಿಂದ. ಕೋಲು ಹೋದರೆ ಕೋಲು ಹೋಯಿತು. ಕಬ್ಬಿಣದ ಸಲಾಕೆ ಮಾತ್ರ ಬೇಡ, ಬ್ಲೇಡ್ ಸಿಡಿಯುತ್ತದೆ.

ಅತ್ತೆ-ಸೊಸೆ, ಗಂಡ-ಹೆಂಡತಿ ಇಬ್ಬರು ಸೇರಿ ಮಾಡುವಾಗ ಮೇವು ಹಾಕುವವರೇ ಸ್ವಿಚ್ ಮುಟ್ಟಬೇಕು, ಇನ್ನೊಬ್ಬರು ಹೊರೆ ತಂದುಕೊಡಲಿ ಅಷ್ಟೇ. "ಹಾಕಲಾ?" "ಹ್ಞೂಂ" ಎಂದು ಕೂಗಿ ಸ್ವಿಚ್ ಹಾಕುವ ಪದ್ಧತಿಯಲ್ಲಿ ಒಬ್ಬರಿಗೆ ಸರಿಯಾಗಿ ಕೇಳಿಸದಿದ್ದರೆ ಸಾಕು.

ಸಿಕ್ಕಿಕೊಂಡಾಗ ಮೊದಲು ಹ್ಯಾಂಡಲ್ ಹಿಂದಕ್ಕೆ ಹಾಕಿ. ಬರಲಿಲ್ಲವೆಂದರೆ ಮೋಟಾರು ಆರಿಸಿ, ಪ್ಲಗ್ ಕಿತ್ತು, ಇಲ್ಲವೇ ಎಂ.ಸಿ.ಬಿ. ಇಳಿಸಿ. ಚಕ್ರ ಭಾರವಾದದ್ದು, ಆರಿಸಿದ ಮೇಲೂ ತುಂಬ ಹೊತ್ತು ತಿರುಗುತ್ತಿರುತ್ತದೆ. ಪೂರ್ತಿ ನಿಂತ ಮೇಲೆ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ಆಮೇಲೆ ಬಿಡಿಸಿ. ಕರೆಂಟ್ ಹೋದಾಗಲೂ ಅಷ್ಟೇ, ಕೈ ಮೊದಲು ಕೆಂಪು ಗುಂಡಿಗೆ ಹೋಗಬೇಕು, ಹುಲ್ಲಿಗಲ್ಲ.

ಪದೇಪದೇ ಸಿಕ್ಕಿಕೊಳ್ಳುತ್ತಿದ್ದರೆ ಬ್ಲೇಡ್ ಮೊಂಡಾಗಿದೆ, ಅಥವಾ ಬ್ಲೇಡಿಗೂ ಅದರ ಎದುರಿನ ಪಟ್ಟಿಗೂ ನಡುವೆ ಸಂದು ಹೆಚ್ಚಾಗಿದೆ. ಸಂದಿನಲ್ಲಿ ಒಂದು ಕಾಗದ ಆಡುವಷ್ಟು ಜಾಗ ಸಾಕು. ಸಾಣೆ ಹಿಡಿಸುವಾಗ ಇಳಿಜಾರಿರುವ ಮುಖಕ್ಕೆ ಮಾತ್ರ, ಎಲ್ಲ ಬ್ಲೇಡಿಗೂ ಒಂದೇ ಸಮ. ಒಂದು ಸವೆದು ಒಂದು ಉಳಿದರೆ ಚಕ್ರ ತೂಕ ತಪ್ಪಿ ನಡುಗುತ್ತದೆ. ವಾರಕ್ಕೊಮ್ಮೆ, ಪ್ಲಗ್ ಕಿತ್ತಿಟ್ಟು, ಬ್ಲೇಡಿನ ಬೋಲ್ಟ್‌ಗಳನ್ನು ಸ್ಪ್ಯಾನರ್ ಹಾಕಿ ನೋಡಿ. ಕೊಂಡುತಂದ ಹುಲ್ಲಿನ ಕಟ್ಟನ್ನು ಬಿಚ್ಚಿ ಹಾಕಿ. ಒಳಗೆ ತಂತಿ ಇದ್ದರೆ ಬ್ಲೇಡಿಗೂ ಕೇಡು, ಹಸುವಿಗೂ ಕೇಡು. ತುಂಡಾದ ತಂತಿಯನ್ನು ಹಸು ನುಂಗಿದರೆ ಅದು ಹೊಟ್ಟೆಯ ಗೋಡೆ ಚುಚ್ಚಿ ಹೃದಯದವರೆಗೂ ಹೋಗಬಹುದು.

ತುಂಡು ಒಂದು ಅಂಗುಲದ ಆಸುಪಾಸು ಇರಲಿ. ತೀರಾ ಪುಡಿ ಮಾಡಿದರೆ ಮೆಲುಕು ಕಡಿಮೆಯಾಗಿ ಫ್ಯಾಟ್ ಇಳಿಯುತ್ತದೆ. ನಾಳೆಯದೂ ಸೇರಿಸಿ ಕತ್ತರಿಸಿ ರಾಶಿ ಹಾಕಿದರೆ ಹಸಿ ಮೇವು ಒಳಗೇ ಕಾವು ಬಂದು ಹಸು ಮೂಸಿ ಬಿಡುತ್ತದೆ. ಆಯಾ ಹೊತ್ತಿನದನ್ನು ಆಯಾ ಹೊತ್ತಿಗೆ ಕತ್ತರಿಸಿದರೆ ಆತುರವೂ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಚಕ್ರಕ್ಕೆ ಸರಪಳಿ ಹಾಕಿ ಬೀಗ ಹಾಕಿ. ಕೈಯಲ್ಲಿ ತಿರುಗಿಸುವ ಹಳೇ ಯಂತ್ರಕ್ಕೂ ಇದು ಬೇಕು. ಒಂದು ಮಗು ಚಕ್ರ ತಿರುಗಿಸುತ್ತದೆ, ಇನ್ನೊಂದು ಮಗು ಗೇರಿನ ಹಲ್ಲು ಮುಟ್ಟುತ್ತದೆ. ಅವರಿಗೆ ಅದು ಆಟ.

ಏನಾದರೂ ಆಗಿಹೋದರೆ

ಸಿಕ್ಕಿದ ಕೈಯನ್ನು ಎಳೆಯಬೇಡಿ. ಮೊದಲು ಕರೆಂಟ್ ಆರಿಸಿ, ಆಮೇಲೆ ಹ್ಯಾಂಡಲ್ ಹಿಂದಕ್ಕೆ ಹಾಕಿ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಬಿಡಿಸಿ. ಶುದ್ಧ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ತುಂಡಾದ ಬೆರಳನ್ನು ಹುಡುಕಿ, ಮಣ್ಣಿದ್ದರೆ ಶುದ್ಧ ನೀರು ಸುರಿದು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಆ ಕವರನ್ನು ಐಸ್ ಇರುವ ಇನ್ನೊಂದು ಕವರಿನೊಳಗೆ ಇಡಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು, ನೀರಿನಲ್ಲೂ ಮುಳುಗಿಸಬಾರದು. 108ಕ್ಕೆ ಫೋನ್ ಮಾಡುವಾಗಲೇ ಬೆರಳು ತುಂಡಾಗಿದೆ ಎಂದು ಹೇಳಿ, ಅದನ್ನು ಜೋಡಿಸುವ ಆಸ್ಪತ್ರೆ ಯಾವುದೆಂದು ಕೇಳಿ. ತಡವಾದಷ್ಟೂ ಬೆರಳು ಉಳಿಯುವುದು ಕಷ್ಟ.

ನಾನು ಕಂಡ ಆ ಅಕ್ಕನಿಗೆ ಇದು ತಿಳಿದಿರಲಿಲ್ಲ, ಬೆರಳುಗಳು ಹುಲ್ಲಿನ ರಾಶಿಯಲ್ಲೇ ಉಳಿದವು. ಈಗ ಅವರ ಮನೆಯ ಯಂತ್ರಕ್ಕೆ ಮೂರು ಅಡಿಯ ತಟ್ಟೆ ಇದೆ, ಸ್ಟಾರ್ಟರ್ ಎಡಗೈ ಪಕ್ಕಕ್ಕೆ ಬಂದಿದೆ. ಮೇವನ್ನು ಇವತ್ತಿಗೂ ಅವರೇ ಕತ್ತರಿಸುತ್ತಾರೆ, ಮಗಳನ್ನು ಹತ್ತಿರ ಬಿಡುವುದಿಲ್ಲ.